ಉಡಿ ತುಂಬಿದ ಮೇಲೆ ಮುರಿದ ಬೋಲ್ಟು

ನಮ್ಮ ಯಜಮಾನರಿಗೆ ನನ್ನ ಮೇಲೆ ಇಲ್ಲದ ಭಕ್ತಿ ನಮ್ಮ ಕಾರಿನ ಮೇಲಿದೆ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅಥವಾ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ ಅಂದುಕೊಳ್ಳಿ, ನನಗೇನು.

ನಮ್ಮ ರಾಯದುರ್ಗದಲ್ಲಿ ಗಾಡಿ ಇಟ್ಟುಕೊಂಡವರೆಲ್ಲ ಅಮಾವಾಸ್ಯೆಗೊಮ್ಮೆ ಅದನ್ನು ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಯುತ್ತಾರೆ. ನಮ್ಮವರು ಅಷ್ಟಕ್ಕೆ ಬಿಡುವವರಲ್ಲ. ಒಂದೊಂದು ಚಕ್ರದ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಬಟ್ಟಲಲ್ಲಿ ಗಾಣದ ಶೇಂಗಾ ಎಣ್ಣೆ ಹಿಡಿದು, ಪ್ರತಿ ಬೋಲ್ಟಿಗೂ ಅದು ಸಂದಿಯಲ್ಲಿ ಇಳಿಯುವ ತನಕ ಎಣ್ಣೆ ಒತ್ತುತ್ತಾರೆ, ಎಳೆ ಮಗುವಿನ ನೆತ್ತಿಗೆ ಒತ್ತಿದ ಹಾಗೆ. ಅದರ ಮೇಲೆ ವಿಭೂತಿ. ಅದರ ಮೇಲೆ ಕುಂಕುಮ. ಸೆಕೆಂಡ್ ಹ್ಯಾಂಡಿನಲ್ಲಿ ಆ ಬಿಳಿ ಕಾರು ಮನೆಗೆ ಬಂದಾಗಿನಿಂದ ಒಂದು ಅಮಾವಾಸ್ಯೆಯೂ ತಪ್ಪಿದ್ದಿಲ್ಲ.

ನಾನು ಹೊಲಿಗೆಯವಳು. ನಮ್ಮೂರಲ್ಲಿ ಯಾವ ಓಣಿಗೆ ಹೋದರೂ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನಿನ ಸದ್ದು ಕೇಳುತ್ತದೆ, ನಮ್ಮ ಪಡಸಾಲೆಯಲ್ಲೂ ಕೆಲವು ಮಿಷನ್ನುಗಳಿವೆ. ಕಬ್ಬಿಣಕ್ಕೆ ಯಾವ ಎಣ್ಣೆ ಬಿಡಬೇಕು ಅನ್ನುವುದಷ್ಟು ನನಗೆ ಗೊತ್ತು. "ರೀ, ಮಿಷನ್ ಎಣ್ಣಿ ಐತಿ, ಅದನ್ನ ಹಚ್ರಿ" ಅಂತ ಮೊದಲ ಸಲವೇ ಹೇಳಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೇವರ ದೀಪಕ್ಕ ಬರದಿರೋ ಎಣ್ಣಿ ನನ್ನ ಗಾಡಿಗೂ ಬ್ಯಾಡ" ಅಂದಿದ್ದರು. ಹಾಳಾಗಿ ಹೋಗಲಿ ಅಂತ ಸುಮ್ಮನಾದೆ. ಗಂಡಸರು ಪೂಜೆಗೆ ಕೂತಾಗ ಬುದ್ಧಿ ಹೇಳಬಾರದು, ಕಾಯಿ ಒಡೆಯುವ ಕತ್ತಿ ಕೈಯಲ್ಲಿರುತ್ತದೆ.

ನಮ್ಮ ಒಬ್ಬಳೇ ಮಗಳನ್ನು ಮಡಕಶಿರಕ್ಕೆ ಕೊಟ್ಟಿದ್ದೇವೆ. ತೆಲುಗು ನಾಡಿನ ನಮ್ಮ ಹಳೇ ಜಿಲ್ಲೆಯ ಆ ತುದಿ ಅವರದು, ಈ ತುದಿ ನಮ್ಮದು. ಎರಡೂ ಕಡೆ ಮನೆಮಾತು ಕನ್ನಡವೇ ಆದರೂ ನಮ್ಮ ಬಾಯಿ ಬಳ್ಳಾರಿ ಕಡೆ ಎಳೆದರೆ ಅವರದು ಸಿರಾ ಕಡೆ ಎಳೆಯುತ್ತದೆ. ಮದುವೆಯ ಮಾತುಕತೆಯಲ್ಲಿ ನಾನು "ಬರ್ರಿ, ಕುಂದರ್ರಿ" ಅಂದರೆ, ನನ್ನ ಬೀಗಿತಿ, ಅಂದರೆ ಮಗಳ ಅತ್ತೆ, ಇದ್ಯಾಕೆ ಈಯಮ್ಮ ಗದರಿಸುತ್ತಾಳೆ ಅಂದುಕೊಂಡಿದ್ದಳಂತೆ. ಆಮೇಲೆ ಆಕೆಗೇ ನನ್ನ ಮಾತು ರೂಢಿಯಾಯಿತು. ಮಗಳನ್ನು ಆಕೆ ಸೊಸೆಯಂತೆ ನೋಡಲಿಲ್ಲ, ಅದೇ ನನಗೆ ತೊಂದರೆಯಾದದ್ದು. ಆಕೆಗೆ ಹೆಣ್ಣುಮಕ್ಕಳಿಲ್ಲ. ಇವಳನ್ನು ಅಪ್ಪಿಕೊಂಡು ಕೂತುಬಿಟ್ಟಿದ್ದಳು.

ಮಗಳು ಬಸುರಿ ಅಂತ ಗೊತ್ತಾದಾಗಿನಿಂದ ನಮ್ಮಿಬ್ಬರ ನಡುವೆ ಫೋನಿನಲ್ಲಿ ನಯವಾದ ಜಗಳ. "ಹೆರಿಗೆ ಇಲ್ಲೇ ಆಗ್ಲಿ ಕಣಕ್ಕ, ಹಿಂದೂಪುರದಲ್ಲಿ ಒಳ್ಳೆ ಆಸ್ಪತ್ರೆ ಐತೆ, ಬಾಣಂತನ ನಾನ್ ಮಾಡ್ತೀನಿ" ಅಂತ ಆಕೆ. "ಮೊದಲನೇದು ತವರಿನಾಗ ಆಗ್ಬೇಕ್ರಿ" ಅಂತ ನಾನು. ನನ್ನ ಹಟಕ್ಕೆ ಕಾರಣ ಇತ್ತು. ನಾನು ಬಸುರಿಯಾದಾಗ ನನ್ನವ್ವ ಇರಲಿಲ್ಲ, ಅವಳು ಹೋಗಿ ವರ್ಷವಾಗಿತ್ತು. ನನಗೆ ಕರೆಯಲು ಬರುವವರಿರಲಿಲ್ಲ, ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವವರಿರಲಿಲ್ಲ. ಬೇರೆ ಬಸುರಿಯರು ತವರಿಗೆ ಹೊರಟಾಗ ಕಿಟಕಿಯಲ್ಲಿ ನಿಂತು ನೋಡಿ ಅತ್ತಿದ್ದೇನೆ. ನನಗೆ ಹೆಣ್ಣು ಹುಟ್ಟಿದಾಗಲೇ ನಿಶ್ಚಯ ಮಾಡಿದ್ದೆ, ಇವಳನ್ನು ಕರೆಯಲು ನಾನೇ ಹೋಗುತ್ತೇನೆ ಅಂತ.

ಕೊನೆಗೆ ಬೀಗಿತಿ ಒಪ್ಪಿದಳು. ಒಪ್ಪಿದ್ದು ಏಳನೇ ತಿಂಗಳ ಕೊನೆಯ ಭಾನುವಾರಕ್ಕೆ. ಮರುದಿನದಿಂದ ಎಂಟು ಹಿಡಿಯುತ್ತದೆ, ಎಂಟರಲ್ಲಿ ನಮ್ಮಲ್ಲಿ ಯಾರೂ ಬಸುರಿಯನ್ನು ಕಳಿಸುವುದಿಲ್ಲ. ಒಂಬತ್ತಕ್ಕೆ ಕಾಯೋಣವೆಂದರೆ, ಅಷ್ಟು ದೂರದ ಪ್ರಯಾಣ ಆಗ ಬೇಡವೇ ಬೇಡ ಅಂತ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ಅಂದರೆ ಆ ಭಾನುವಾರ ತಪ್ಪಿದರೆ ನನ್ನ ಮಗಳು ತವರಿಗೆ ಬರುವುದೇ ಇಲ್ಲ. ಬೀಗಿತಿ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದ್ದಳು: "ದೀಪ ಹಚ್ಚೋದ್ರೊಳಗೆ ಹೊರಟುಬಿಡ್ಬೇಕು. ದೀಪ ಹಚ್ಚಿದ್ಮೇಲೆ ನಾನು ಮನೆ ಹೆಣ್ಮಗಳನ್ನ ಆಚೆಗೆ ಕಳ್ಸೋಳಲ್ಲ." ಆಗಲ್ರಿ, ಅಂದೆ. ಮಧ್ಯಾಹ್ನ ಊಟ ಮಾಡಿ ಹೊರಡುವವರಿಗೆ ದೀಪದ ಮಾತೇನು ಅಂತ ಒಳಗೊಳಗೇ ನಕ್ಕಿದ್ದೆ ಕೂಡ.

ಬೆಳಗ್ಗೆ ಬೇಗ ಬಿಟ್ಟು, ಕಲ್ಯಾಣದುರ್ಗ, ಪಾವಗಡ ದಾಟಿ, ಊಟದ ಹೊತ್ತಿಗೆ ಮುಂಚೆಯೇ ಮಡಕಶಿರ ಸೇರಿದೆವು. ಬೀಗಿತಿಯ ಮನೆ ಬೆಟ್ಟದ ಬುಡದ ಬೀದಿಯಲ್ಲಿದೆ. ಅಳಿಯ ಡ್ಯೂಟಿಯ ಮೇಲೆ ಪರವೂರಿಗೆ ಹೋಗಿದ್ದ. ಮನೆಯಲ್ಲಿ ಬೀಗ, ಬೀಗಿತಿ, ಮಗಳು, ಮೂರೇ ಜನ. ಹೋಳಿಗೆ ಊಟವಾಯಿತು. ಬೀಗಿತಿ ಹಸಿರು ಸೀರೆ ಉಡಿಸಿದ ನನ್ನ ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನ ಕೊಂಬು. ತುಂಬುತ್ತ ಆಕೆಯ ಕಣ್ಣು ತುಂಬಿದ್ದನ್ನು ನಾನು ನೋಡಿಯೂ ನೋಡದ ಹಾಗಿದ್ದೆ. ನನಗೆ ಖುಷಿಯೋ ಖುಷಿ. ಸೆರಗಿನಲ್ಲಿ ಭಾರ ಹಿಡಿದುಕೊಂಡು ಮಗಳು ಬಲಗಾಲಿಟ್ಟು ಹೊಸ್ತಿಲು ದಾಟಿದಳು.

ಹೊರಗೆ ಕಾರಿನ ಹತ್ತಿರ ನಮ್ಮವರು ನಿಂತಿದ್ದರು, ಮುಖ ಹುಳ್ಳಗೆ ಮಾಡಿಕೊಂಡು.

"ಲೇ, ಗಾಲಿ ಕುಂತೈತಿ" ಅಂದರು.

ಮುಂದಿನ ಎಡಗಡೆಯ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ದಾರಿಯಲ್ಲೆಲ್ಲೋ ಜಾಲಿ ಮುಳ್ಳು ನಾಟಿತ್ತು. ಪಂಕ್ಚರ್ ಅಷ್ಟೇ ತಾನೆ, ಸ್ಟೆಪ್ನಿ ಇದೆ, ಐದು ನಿಮಿಷದ ಕೆಲಸ ಅಂದುಕೊಂಡೆವು. ಆದರೆ ಮಗಳು ನಿಲ್ಲುವುದೆಲ್ಲಿ? ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ಹೆರಿಗೆಯಾಗಿ ಕೂಸಿನ ಜೊತೆ ಬರುವ ತನಕ ತಿರುಗಿ ಆ ಹೊಸ್ತಿಲು ತುಳಿಯುವಂತಿಲ್ಲ. ಅದು ಅವರ ಮನೆಯ ಪದ್ಧತಿ, ನಮ್ಮದೂ ಅದೇ. ಎದುರು ಮನೆಯವರು ಒಳ್ಳೆಯವರು, ತಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ, ಬೆನ್ನಿಗೆ ದಿಂಬು ಕೊಟ್ಟು ಅವಳನ್ನು ಕೂರಿಸಿದರು. ಹೀಗೆ ಬೀದಿಯ ಆ ಕಡೆ ಮಗಳು, ಈ ಕಡೆ ತನ್ನ ಬಾಗಿಲಲ್ಲಿ ಬೀಗಿತಿ, ನಡುವೆ ಜಾಕಿಯ ಮೇಲೆ ಒಂದು ಕಾಲು ಎತ್ತಿಕೊಂಡ ನಮ್ಮ ಕಾರು.

ನಾಲ್ಕು ಬೋಲ್ಟಿನಲ್ಲಿ ಮೂರು ಕಿರುಗುಟ್ಟುತ್ತ, ಒಲ್ಲದ ಮನಸ್ಸಿನಿಂದ ಬಂದವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಮ್ಮವರು ಪಾನಾ ಹಾಕಿ ಎಳೆದರು, ಒದ್ದರು, ಕೊನೆಗೆ ಬೀಗರ ಭುಜ ಹಿಡಿದುಕೊಂಡು ಪಾನಾದ ಹಿಡಿಯ ಮೇಲೆ ಹತ್ತಿ ನಿಂತು ಕುಣಿದರು. ಕಟಕ್ ಅಂತು. ಬಿಚ್ಚಿತು ಅಂತ ಅವರ ಮುಖ ಅರಳಿತು. ಬಗ್ಗಿ ನೋಡಿದರೆ ಪಾನಾದ ಬಾಯಲ್ಲಿ ಬೋಲ್ಟಿನ ತಲೆ ಮಾತ್ರ ಇತ್ತು, ವಿಭೂತಿ ಕುಂಕುಮ ಹಚ್ಚಿಕೊಂಡ ತಲೆ. ಚಕ್ರವೇನೋ ಈಚೆ ಬಂತು. ಆದರೆ ಬೋಲ್ಟಿನ ಮೈ, ಚಕ್ರ ಕೂರುವ ಹಬ್ಬಿನೊಳಗೇ ಕಚ್ಚಿಕೊಂಡು, ಹೆಬ್ಬೆರಳ ಗೆಣ್ಣಿನಷ್ಟು ಹೊರಗೆ ಚಾಚಿ ನಿಂತಿತ್ತು.

"ಮೂರು ಬೋಲ್ಟು ಸಾಕ್ರಿ" ಅಂದರು ನಮ್ಮವರು, ಬೆವರು ಒರೆಸಿಕೊಳ್ಳುತ್ತ. "ನಾನು ನಿಧಾನಕ್ಕ ಹೊಡ್ಕೊಂಡ್ ಹೋಗ್ತೀನಿ."

ಬಾಗಿಲಲ್ಲಿ ನಿಂತಿದ್ದ ಬೀಗಿತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದಳು. "ಮೂರು ಬೋಲ್ಟಿನ ಮೇಲೆ ನನ್ನ ಸೊಸೇನ ಕಳ್ಸಲ್ಲ ಕಣಣ್ಣ. ಮಲಗೋ ಮಂಚಕ್ಕೂ ನಾಕು ಕಾಲು ಇರ್ತವೆ."

ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಆಕೆ ಹೇಳಿದ್ದು ಸರಿಯಾಗಿತ್ತು ಅಂತ. ಬೇರೆ ಗಾಡಿ ಸಿಗುತ್ತದಾ ಅಂತ ಬೀಗರು ಫೋನು ಹಚ್ಚಿದರು. ಸಂಕ್ರಾಂತಿ ಕಳೆದ ಮೇಲಿನ ಮದುವೆ ದಿನಗಳು, ಊರಿನ ಬಾಡಿಗೆ ಕಾರುಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ವೆಲ್ಡಿಂಗ್ ಅಂಗಡಿಗೆ ಭಾನುವಾರ ಬೀಗ. ಕಡೆಗೆ ಒಬ್ಬ ಮೆಕ್ಯಾನಿಕ್ಕು ಸಿಕ್ಕಿದ. ಊಟ ಮಾಡಿ ಮಲಗಿದ್ದವನು, ಕಣ್ಣುಜ್ಜಿಕೊಂಡು ಬೈಕಿನಲ್ಲಿ ಬಂದ.

ಅವನು ಚಾಚಿಕೊಂಡಿದ್ದ ತುಂಡನ್ನು ಪೈಪ್ ಪಾನಾದಲ್ಲಿ ಹಿಡಿದು ತಿರುಗಿಸಿದ. ಪಾನಾ ಜಾರಿತು. ಸುತ್ತಿಗೆಯಿಂದ ತಟ್ಟಿದ, ಅದೇನೋ ಡಬ್ಬಿಯಿಂದ ಎಣ್ಣೆ ಚಿಮ್ಮಿಸಿದ, ಬೀಡಿ ಹಚ್ಚಿ ಕೂತ, ಮತ್ತೆ ತಿರುಗಿಸಿದ. ಜಾರಿತು. ಬೆರಳಿನಿಂದ ಬೋಲ್ಟಿನ ಬುಡ ಕೆರೆದು ಮೂಸಿ ನೋಡಿದ.

"ಯಾರ್ ಸಾಮಿ ಇದಕ್ಕೆ ಎಣ್ಣೆ ಬಿಟ್ಟಿದ್ದು?"

"ನಾನೇ! ತಿಂಗಳಾ ತಿಂಗಳಾ ಬಿಡ್ತೀನಿ" ಅಂದರು ನಮ್ಮವರು ಹೆಮ್ಮೆಯಿಂದ. "ಗಾಣದ್ದು."

"ಎಣ್ಣೆ ಅಲ್ಲ ಸಾಮಿ ಇದು, ಈಗ ಗೋಂದು. ಬ್ರೇಕಿನ ಬಿಸೀಲಿ ಕಾದು ಕಾದು, ವಿಭೂತಿ ಜೊತೆ ಸೇರ್ಕಂಡು ಗಾರೆ ಕೂತಂಗೆ ಕೂತೈತೆ."

ನಾನು ಗಂಡನ ಕಡೆ ತಿರುಗಿದೆ. ಅವರು ತಕ್ಷಣ ಬೆಟ್ಟದ ಕಡೆ ತಿರುಗಿ ಅದರ ಮೇಲಿನ ಹಳೇ ಕೋಟೆ ನೋಡತೊಡಗಿದರು. "ಅಲ್ರಿ, ಮಿಷನ್ ಎಣ್ಣಿ ಹಚ್ರಿ ಅಂತ ಬಡ್ಕೊಂಡ್ನೋ ಇಲ್ಲೋ? ಅಭಿಷೇಕ ಮಾಡಿದ್ರಿ, ಈಗ ಆ ಬೋಲ್ಟು ದೇವರಾಗಿ ಕುಂತೈತಿ, ಎಬ್ಬಿಸ್ರಿ ನೋಡೋಣ!" ಅಂದೆ. ಬೀದಿಯವರೆಲ್ಲ ನಕ್ಕರು. ಕಟ್ಟೆಯ ಮೇಲಿದ್ದ ಮಗಳು ಹೊಟ್ಟೆ ಹಿಡಿದುಕೊಂಡು, "ಅವ್ವಾ ಸಾಕು, ನಗಾಕಾಗಂಗಿಲ್ಲ" ಅಂದಳು. ನಗುವಂಥ ಹೊತ್ತೇನಲ್ಲ ಅದು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಹಿಡಿದರೆ ಬಿಡುವುದು ಆರಕ್ಕೆ. ಅಷ್ಟರೊಳಗೆ ಹೊರಡದಿದ್ದರೆ ಆರರ ತನಕ ಕಾಯಬೇಕು, ಆ ಬೆಟ್ಟದ ಬುಡದಲ್ಲಿ ಆರಕ್ಕೆಲ್ಲ ಹೊತ್ತು ಮುಳುಗಿ ದೀಪ ಹಚ್ಚುವ ಹೊತ್ತಾಗುತ್ತದೆ. ಆಮೇಲೆ ಬೀಗಿತಿ ಬಿಡುವವಳಲ್ಲ. ಆಕೆಯ ಅಕ್ಕನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಮಗಳನ್ನು ಅಲ್ಲಿರಿಸಿಕೊಂಡು ಹಿಂದೂಪುರದಲ್ಲಿ ಹೆರಿಗೆ ಮಾಡಿಸಿದರೆ ಯಾವ ಪದ್ಧತಿಯೂ ಮುರಿಯುವುದಿಲ್ಲ. ನಾನು ಬರಿಗೈಯಲ್ಲಿ ರಾಯದುರ್ಗಕ್ಕೆ ಹೋಗಬೇಕು, ಅಷ್ಟೇ.

ಮೆಕ್ಯಾನಿಕ್ಕು ತಲೆ ಕೆರೆದುಕೊಂಡ. "ಬೆಂಕಿ ತೋರ್ಸಿದ್ರೆ ಬತ್ತದೆ. ಸುತ್ತಲೂ ಚೆನ್ನಾಗಿ ಕಾಯಿಸ್ಬೇಕು. ಉರಿ ಚಿಮ್ಮೋ ಗ್ಯಾಸ್ ಪಂಪು ವೆಲ್ಡಿಂಗ್ ಅಂಗಡೀಲಿರೋದು, ಅದು ಬಂದ್." ಆಮೇಲೆ ಬೀಗಿತಿಯ ಹಣೆಯ ವಿಭೂತಿ ನೋಡಿ ಸುಮ್ಮನಾದ.

"ಏನೋ ಹೇಳೋಕೋಗಿ ನುಂಗ್ಕಂಡ್ಯಲ್ಲ, ಹೇಳಪ್ಪ" ಅಂದಳು ಬೀಗಿತಿ.

"ಇನ್ನೊಂದ್ ಕಡೆ ಐತಮ್ಮ. ನೀವು ಒಪ್ಪಲ್ಲ. ಮಾರ್ಕೆಟ್ ಹತ್ರ ಕುರಿ ತಲೆಕಾಲು ಸುಡ್ತಾನಲ್ಲ, ಅವನತ್ರ ಒಳ್ಳೆ ಗ್ಯಾಸ್ ಪಂಪ್ ಐತೆ."

ಬೀದಿಯವರೆಲ್ಲ ಬೀಗಿತಿಯ ಮುಖ ನೋಡಿದರು. ನಾವೂ ಲಿಂಗ ಕಟ್ಟಿದವರು, ಅವರೂ ಲಿಂಗ ಕಟ್ಟಿದವರು. ಅದರಲ್ಲೂ ನನ್ನ ಬೀಗಿತಿ ಮೊಟ್ಟೆ ಒಡೆದ ಮನೆಯ ಮುಂದೆ ಸೆರಗು ಮೂಗಿಗೆ ಹಿಡಿದು ಹೋಗುವ ಪೈಕಿ. ಭಾನುವಾರ ಮಾರ್ಕೆಟ್ಟಿನ ದಾರಿಯನ್ನೇ ಬಿಟ್ಟು ಸುತ್ತುಬಳಸಿ ಹೋಗುತ್ತಾಳಂತೆ. ಬಸುರಿ ಸೊಸೆ ಕೂರುವ ಕಾರಿಗೆ ಆ ಪಂಪು ತರಿಸುತ್ತಾಳೆಯೇ? ನಾನಾಗಿ ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ. ಆಕೆಗೆ ಇದಕ್ಕಿಂತ ಒಳ್ಳೆಯ ನೆವ ಎಲ್ಲಿ ಸಿಗಬೇಕು? ಛೇ ಛೇ, ಅದೆಲ್ಲ ಬ್ಯಾಡ, ಅಂತ ಒಂದು ಮಾತು ಅಂದರೆ ಸಾಕಿತ್ತು. ಅದನ್ನು ತಪ್ಪು ಅನ್ನುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಬೀಗಿತಿ ಎದುರು ಕಟ್ಟೆಯ ಕಡೆ ನೋಡಿದಳು. ಮಗಳು ಉಡಿಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು.

"ನನ್ನ ಒಲೇಲಿರೋದೂ ಬೆಂಕಿನೇ, ಅವನತ್ರ ಇರೋದೂ ಬೆಂಕಿನೇ" ಅಂದಳು ಬೀಗಿತಿ. ಗಂಡನ ಕಡೆ ತಿರುಗಿ, "ಏನ್ ನಿಂತ್ಕಂಡ್ ನೋಡ್ತೀರಾ? ಹೋಗಿ ಕರ್ಕಂಡ್ ಬರ್ರಿ. ಓಡಿ!" ಅಂದಳು.

"ಬರ್ರಿ" ಅನ್ನುವುದನ್ನು ಆಕೆ ನನ್ನಿಂದಲೇ ಕಲಿತಿದ್ದಿರಬೇಕು. ಬೀಗರು ನಿಜವಾಗಿಯೂ ಓಡಿದರು.

ಅರ್ಧ ಗಂಟೆಗೆ ಬೀಗರ ಸ್ಕೂಟರಿನ ಹಿಂದೆ ಸಿಲಿಂಡರ್ ತಬ್ಬಿಕೊಂಡು ಆ ಮನುಷ್ಯ ಬಂದ. ಅಂಗಿ, ಕೈ, ಹುಬ್ಬು ಎಲ್ಲ ಹೊಗೆಯ ಬಣ್ಣ. ಬಂದವನೇ ಹಬ್ಬಿನ ಮುಂದೆ ಕೂತು, ಕತ್ತು ಓರೆ ಮಾಡಿ, ಮುರಿದ ಬೋಲ್ಟು ನೋಡಿದ. "ಎಷ್ಟೋ ತಲೆ ಸುಟ್ಟಿದೀನಿ. ತಲೆ ಇಲ್ದೇ ಇರೋದನ್ನ ಸುಡೋದು ಇದೇ ಫಸ್ಟು" ಅಂದ. ನನಗೆ ಆ ಮನುಷ್ಯ ಅಲ್ಲೇ ಇಷ್ಟವಾಗಿಬಿಟ್ಟ. ಬೀಗಿತಿ ಬಾಗಿಲಿನಿಂದಲೇ, "ಗಾಡಿಗೆ ಏನೂ ಆಗಲ್ಲ ತಾನೇ?" ಅಂತ ಕೂಗಿದಳು. "ಏಂ ಕಾದಕ್ಕಾ, ಏಂ ಕಾದು" ಅಂತ ತೆಲುಗಿನಲ್ಲಿ ಭರವಸೆ ಕೊಟ್ಟು ಪಂಪಿಗೆ ಕಡ್ಡಿ ಗೀರಿದ.

ಬುಸ್ಸ್ ಅಂತ ನೀಲಿ ಉರಿ ಬಂತು. ಮೆಕ್ಯಾನಿಕ್ಕು ಒಳಗಿನ ಬ್ರೇಕಿನ ರಬ್ಬರ್ ಪೈಪಿಗೆ ಒದ್ದೆ ಗೋಣಿಚೀಲ ಸುತ್ತಿ, ಎಲ್ಲೆಲ್ಲಿ ಕಾಯಿಸಬೇಕು ಅಂತ ಕಡ್ಡಿಯಲ್ಲಿ ತೋರಿಸಿದ. ಸ್ವಲ್ಪ ಹೊತ್ತಿಗೆ ಬೋಲ್ಟಿನ ಬುಡದಿಂದ ಸಣ್ಣಗೆ ಹೊಗೆ ಎದ್ದಿತು. ಅದರ ಹಿಂದೆಯೇ ವಾಸನೆ. ಸುಟ್ಟ ಕಬ್ಬಿಣದ್ದಲ್ಲ, ಗ್ರೀಸಿನದಲ್ಲ. ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾದು ಹೊಗೆಯಾಡುವ ವಾಸನೆ. ಬೀದಿಯ ತುಂಬ ಹರಡಿತು. ಮೂರನೇ ಮನೆಯ ಮುದುಕಿ ಹೊರಗೆ ಬಂದು, "ಯಾರಮ್ಮ ವಡೆ ಕರೀತಿರೋದು?" ಅಂತ ಕೇಳಿದಳು. ಎಲ್ಲರೂ ಒಟ್ಟಿಗೆ ನಮ್ಮವರ ಕಡೆ ತಿರುಗಿದರು. ಅವರು ಈ ಸಲ ಕೋಟೆಯ ಕಡೆಗೂ ತಿರುಗಲಾಗದೆ, "ಏನ್ ಮಾಡ್ಲಿ, ಒರಿಜಿನಲ್ ಗಾಣದ್ದದು" ಅಂದುಬಿಟ್ಟರು. ನಾನು ನಕ್ಕು ನಕ್ಕು ಕಾರಿನ ಬಾನೆಟ್ಟು ಹಿಡಿದುಕೊಂಡೆ.

ಆಗ ಕಟ್ಟೆಯ ಮೇಲಿಂದ ಮಗಳು, "ಅವ್ವಾ, ಮಿರ್ಚಿ ತಿನ್ಬೇಕು ಅನ್ಸಾಕತ್ತೈತಿ" ಅಂದಳು.

ನಮ್ಮ ರಾಯದುರ್ಗದಲ್ಲಿ ಸಂಜೆಯಾದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ. ಅದನ್ನು ತಿಂದು ಬೆಳೆದವಳು. ಬಸುರಿಯ ಬಾಯಿಂದ ಮಾತು ಬಿದ್ದ ಮೇಲೆ ಮುಗಿಯಿತು. ನಾನು ಇನ್ನೂ "ಊರಿಗೆ ಹೋಗಿ ಮಾಡ್ಕೊಡ್ತೀನಿ ಬಿಡವ್ವ" ಅನ್ನುವಷ್ಟರಲ್ಲಿ ಬೀಗಿತಿ ಒಳಗೆ ಹೋಗಿಯಾಗಿತ್ತು. ಬಾಣಲೆ ಇಟ್ಟ ಸದ್ದು, ಕಡಲೆಹಿಟ್ಟಿನ ಡಬ್ಬಿ ತೆಗೆದ ಸದ್ದು. ಈಗ ಬೀದಿಯಲ್ಲಿ ಎರಡು ಕಡೆಯಿಂದ ಶೇಂಗಾ ಎಣ್ಣೆ ಕಾಯುತ್ತಿತ್ತು.

ಮೆಕ್ಯಾನಿಕ್ಕು ಕಾದ ಬೋಲ್ಟಿಗೆ ಮೇಣದಬತ್ತಿ ಒತ್ತಿದ. ಮೇಣ ಕರಗಿ ಸರ್ ಅಂತ ಒಳಗೆ ಇಳಿಯಿತು. "ಈಗ ನೋಡ್ರಿ" ಅಂತ ಪಾನಾ ಹಾಕಿದ. ನಮ್ಮವರೂ ಕೈ ಹಾಕಿದರು, ಬೀಗರೂ ಹಾಕಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೀಂವ್ ಅಂತ ಒಂದು ಕೂಗು ಬಂತು.

"ಅಲ್ಲಾಡ್ತು!" ಅಂತ ಮಗಳು ಕಟ್ಟೆಯಿಂದಲೇ ಕೂಗಿದಳು.

"ನೀ ಅಲ್ಲಾಡಬ್ಯಾಡ, ಸುಮ್ನ ಕುಂದರು!" ಅಂತ ನಾನು ಕೂಗಿದೆ.

ಮೆಕ್ಯಾನಿಕ್ಕು ಅವಸರ ಮಾಡಲಿಲ್ಲ. ಸ್ವಲ್ಪ ಬಿಚ್ಚಿದ, ಮತ್ತೆ ಸ್ವಲ್ಪ ಬಿಗಿದ, ಮತ್ತೆ ಬೆಂಕಿ, ಮತ್ತೆ ಮೇಣ. ಹಿಂದಕ್ಕೂ ಮುಂದಕ್ಕೂ ಅದನ್ನು ಸಮಾಧಾನ ಮಾಡಿ ಮಾಡಿ, ಕಡೆಗೆ ಕೈಯಿಂದಲೇ ತಿರುಗುವಷ್ಟು ಸಡಿಲ ಮಾಡಿದ. ಇಕ್ಕಳದಲ್ಲಿ ಹಿಡಿದು ಎತ್ತಿ ತೋರಿಸಿದಾಗ ಬೀದಿಯೆಲ್ಲ ಚಪ್ಪಾಳೆ. ಕಪ್ಪಗೆ ಸುಟ್ಟ ಬದನೆಕಾಯಿ ತೊಟ್ಟಿನ ಹಾಗಿತ್ತು ಅದು. ನಮ್ಮವರು ಬಂದು ಕೈಚಾಚಿದರು. "ಮುಟ್ಟಿದ್ರೆ ನೋಡ್ರಿ, ಮನೆಯೊಳಗ ತಂದು ಪೂಜಿ ಮಾಡೋರು ನೀವು" ಅಂತ ಗದರಿದೆ. ಗದರುತ್ತಲೇ ಕಣ್ಣೀರು ಬಂತು ನನಗೆ. ಬೋಲ್ಟಿಗೆ ಅಳುವವರುಂಟೇ? ನಾನು ಅತ್ತುಬಿಟ್ಟೆ.

ಮೆಕ್ಯಾನಿಕ್ಕು ತನ್ನ ಚೀಲ ಕೆದಕಿ ಅದೇ ಅಳತೆಯ ಬೋಲ್ಟು ಹುಡುಕಿ, ಅದರ ತಿರುಪಿನ ಎಳೆ ಒರೆಸಿ, ಹಬ್ಬು ತಣ್ಣಗಾದ ಮೇಲೆ ಸ್ಟೆಪ್ನಿ ಕೂರಿಸಿದ. ನಾಲ್ಕೂ ಬೋಲ್ಟು ಬಿಗಿದ. ಮಿಕ್ಕ ಮೂರು ಚಕ್ರದ ಬೋಲ್ಟುಗಳನ್ನೂ ಒಂದೊಂದಾಗಿ ಸಡಿಲಿಸಿ, ಒರೆಸಿ, ಮತ್ತೆ ಬಿಗಿದು ಎದ್ದ. ಅಷ್ಟರಲ್ಲಿ ರಾಹುಕಾಲ ಹಿಡಿದು ಬಹಳ ಹೊತ್ತಾಗಿತ್ತು.

"ಆರು ಆಗ್ಲಿ" ಅಂದರು ಬೀಗರು ಮೆಲ್ಲಗೆ. ಕಾರು ಸಿದ್ಧ, ಮಗಳು ಸಿದ್ಧ, ಹೊರಡುವಂತಿಲ್ಲ. ಬೀಗಿತಿ ಮಿರ್ಚಿಯ ತಟ್ಟೆಗಳನ್ನು ತಂದಳು. ಮೊದಲ ತಟ್ಟೆ ಬೀದಿ ದಾಟಿ ಸೊಸೆಗೆ, ತಾನೇ ಮುರಿದು, ಊದಿ, ಬಾಯಿಗಿಟ್ಟಳು. ಆಮೇಲೆ ಮೆಕ್ಯಾನಿಕ್ಕಿಗೆ, ಪಂಪಿನವನಿಗೆ. ಅವನು ಕೈ ತೊಳೆಯಲು ನೀರು ಕೇಳಿದಾಗ ಆಕೆಯೇ ಚೊಂಬು ಬಗ್ಗಿಸಿ ಹುಯ್ದಳು. "ಇನ್ನೆರಡು ಹಾಕಿಸ್ಕೊ ತಮ್ಮ" ಅಂತ ಬಲವಂತ ಮಾಡಿದಳು. ಅವನು ತಿಂದು, ಇಂಥ ಬಜ್ಜಿ ಮಾರ್ಕೆಟ್ಟಿನಲ್ಲಿ ಹಾಕಿದರೆ ನನ್ನ ವ್ಯಾಪಾರ ನಿಂತೇಹೋಗುತ್ತದೆ ಅಂದ. ನನ್ನ ತಟ್ಟೆ ಮಾತ್ರ ಹಾಗೇ ತಣ್ಣಗಾಯಿತು. ನಾನು ಆಕಾಶವನ್ನೇ ನೋಡುತ್ತಿದ್ದೆ.

ಮಡಕಶಿರದಲ್ಲಿ ಸೂರ್ಯ ಬೆಟ್ಟದ ಹಿಂದೆ ಬೇಗ ಇಳಿಯುತ್ತಾನೆ. ಆರು ಹೊಡೆಯುವ ಮುಂಚೆಯೇ ಬೀದಿ ಮಂಕಾಯಿತು. ಮುದುಕಿಯ ಮನೆಯಲ್ಲಿ ಪೂಜೆಯ ಗಂಟೆ ಕೇಳಿಸಿತು, ಊದುಬತ್ತಿಯ ವಾಸನೆ ಬಂತು. ಅದರ ಪಕ್ಕದ ಮನೆಯ ಹೊಸ್ತಿಲಿಗೆ ದೀಪ ಬಂತು. ಎದುರು ಮನೆಯ ಸೊಸೆ, ನನ್ನ ಮಗಳು ಕೂತಿದ್ದ ಕಟ್ಟೆಯ ಗೂಡಿನಲ್ಲೇ ದೀಪ ಇಟ್ಟು ಹೋದಳು. ಆ ಬೆಳಕು ಮಗಳ ಕೆನ್ನೆಯ ಮೇಲೆ ಬಿತ್ತು. ಮುಗಿಯಿತು ಅಂದುಕೊಂಡೆ. ಬೀಗಿತಿಯ ಅಕ್ಕನ ಮನೆಯ ಕಡೆ ಎಷ್ಟು ದೂರ ನಡೆಸಬೇಕು ಅಂತ ಕೂಡ ಲೆಕ್ಕ ಹಾಕಿದೆ. ಜಗಳ ಆಡುವ ತ್ರಾಣ ಇರಲಿಲ್ಲ. ಆಡಲು ಮನಸ್ಸೂ ಇರಲಿಲ್ಲ, ಅಷ್ಟೆಲ್ಲ ಮಾಡಿದ ಆಕೆಯ ಜೊತೆ ಏನಂತ ಆಡಲಿ?

ಬೀಗರು ಗಡಿಯಾರ ನೋಡಿ, "ರಾಹುಕಾಲ ಕಳೀತು" ಅಂದರು. ನಾನೇ ಧೈರ್ಯ ಮಾಡಿದೆ.

"ಅಕ್ಕಾರೆ, ದೀಪ ಹಚ್ಚಿಬಿಟ್ರಲ್ರಿ ಎಲ್ಲಾರೂ."

"ಯಾರು ಹಚ್ಚಿದ್ರು?" ಅಂದಳು ಬೀಗಿತಿ.

ಆಕೆಯ ಬೆನ್ನ ಹಿಂದಿನ ಮನೆ ನೋಡಿದೆ. ಪಡಸಾಲೆ ಕತ್ತಲು. ದೇವರ ಕೋಣೆ ಕತ್ತಲು. ಲೈಟಿನ ಸ್ವಿಚ್ಚು ಕೂಡ ಹಾಕಿರಲಿಲ್ಲ. ಬೀದಿಗೆಲ್ಲ ಅದೊಂದೇ ಮನೆಯಲ್ಲಿ ಇನ್ನೂ ಸಂಜೆಯಾಗಿರಲಿಲ್ಲ.

"ನಾನು ನನ್ನ ಮನೆ ದೀಪದ ಮಾತು ಹೇಳಿದ್ದು ಕಣಕ್ಕ, ಊರಿನ ದೀಪದ್ದಲ್ಲ" ಅಂದಳು. "ನಮ್ಮನೇಲಿ ಇನ್ನೂ ಹಚ್ಚಿಲ್ಲ. ಹೊರಡಿ, ಹೊರಡಿ, ಹೊತ್ತು ಮಾಡ್ಬೇಡಿ."

ಮಗಳು ಕಟ್ಟೆಯಿಂದ ಇಳಿದು ಬಂದು ಅತ್ತೆಯ ಕೊರಳಿಗೆ ಬಿದ್ದಳು. ಉಡಿಯ ಅಕ್ಕಿ ಚೆಲ್ಲೀತು ಅಂತ ಬೀಗಿತಿ ಒಂದು ಕೈಯಲ್ಲಿ ಅವಳ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ತಲೆ ಸವರಿದಳು. ನಾನು ಆಕೆಯ ಕೈ ಹಿಡಿದುಕೊಂಡೆ. ಏನೋ ದೊಡ್ಡದಾಗಿ ಹೇಳಬೇಕು ಅಂದುಕೊಂಡವಳು, "ಕೂಸಿನ ತೊಟ್ಟಿಲಿಗೆ ಬರ್ರಿ" ಅಂತ ಅಷ್ಟೇ ಅಂದೆ. "ಬರ್ದೆ ಇರ್ತೀನಾ, ಬಾಣಂತನ ಸರಿಯಾಗ್ ಮಾಡ್ತೀಯೋ ಇಲ್ವೋ ನೋಡೋಕೆ ನಾಕು ದಿನ ಮುಂಚೆನೇ ಬತ್ತೀನಿ" ಅಂದಳು.

ನಮ್ಮವರು ಅಷ್ಟು ಜೋಪಾನವಾಗಿ ಕಾರು ಓಡಿಸಿದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು, ಅವಳ ಬಾಯಿಂದ ಮಿರ್ಚಿಯ ವಾಸನೆ ಬರುತ್ತಿತ್ತು. ನನಗೆ ಹಾಡಬೇಕು ಅನ್ನಿಸುವಷ್ಟು ಸಂತೋಷ. ಪಾವಗಡ ಇನ್ನೇನು ದಾಟಿದೆವು, ಫೋನು ಬಂತು. ಬೀಗಿತಿ.

"ಎಲ್ಲಿದ್ದೀರಾ?"

"ಪಾವಗಡ ದಾಟಿದ್ವಿ ನೋಡ್ರಿ. ಮಲ್ಕೊಂಡಾಳ."

"ಬೋಲ್ಟು?"

"ನಾಲ್ಕೂ ಅದಾವು. ನಿಮ್ಮಣ್ಣ ಇಳಿದು ಇಳಿದು ಮುಟ್ಟಿ ನೋಡಾಕತ್ತಾರ."

ಆ ಕಡೆ ಕತ್ತಲಲ್ಲಿ ಬೀಗರು ಏನನ್ನೋ ಎಡವಿ ಗೊಣಗಿದ್ದು ಕೇಳಿಸಿತು.

"ಸರಿ ಹಂಗಾದ್ರೆ" ಅಂದಳು ಬೀಗಿತಿ. "ಈಗ ದೀಪ ಹಚ್ತೀನಿ."